ವಸಾಯಿಯ ಅರ್ಧ ನಕ್ಷತ್ರ

ಬಾಗಲಗುಂಟೆ
14 ಆಗಸ್ಟ್ 1994

ಅಣ್ಣ,

ಮಾರುವುದಕ್ಕೆ ಕಿತ್ತಿಲ್ಲ. ಮೊದಲು ಅದನ್ನು ತಲೆಯಲ್ಲಿ ಇಟ್ಟುಕೊ. ನಾನು ಕಳ್ಳ ಅಂತ ನೀನು ಬರೆದಿಲ್ಲ, ಗೊತ್ತು. ಆದರೆ ಹಿಂದಿನ ಪತ್ರದಲ್ಲಿ, ಅವ್ವ ನಿನ್ನ ಕಾಗದ ಇಡುವ ಬಿಸ್ಕತ್ ಡಬ್ಬಿ ಮುಟ್ಟಬೇಡ ಅಂತ ಒಂದು ಸಾಲು ಹಾಕಿ, ಮುಂದಿನ ಸಾಲಿನಲ್ಲಿ ಸೂರತ್‌ನ ಮಳೆ ಬಗ್ಗೆ ಬರೆದಿದ್ದೀಯ. ಅಷ್ಟು ಸಾಕು. ಪಕ್ಕದ ಮನೆ ಈಶ್ವರಮ್ಮನ ಕೈಲಿ ಬರೆಸಿ ಅವ್ವ ಚಾಡಿ ಹೇಳಿದ್ದಾಳೆ ಅಂತ ಗೊತ್ತಾಯಿತು.

ಹೌದು, ನಿನ್ನ ಲಕೋಟೆಗಳ ಮೇಲಿನ ಸ್ಟಾಂಪ್ ಕಿತ್ತವನು ನಾನೇ. ಮೂರು ತಿಂಗಳಿಂದ ಪೀಣ್ಯ ಎರಡನೇ ಹಂತದಲ್ಲಿ ಗುರುರಾಜ್ ಸಾರ್ ಗೋಡೌನಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಫ್ಯಾಕ್ಟರಿ ಆಫೀಸುಗಳಿಂದ ಹಳೆ ಲಕೋಟೆಗಳು ಮೂಟೆ ಮೂಟೆ ಬರುತ್ತವೆ. ಟಬ್ಬಿನಲ್ಲಿ ನೆನೆಹಾಕಿ ಸ್ಟಾಂಪ್ ಬಿಡಿಸಬೇಕು, ಪೇಪರಿನ ಮಧ್ಯೆ ಒಣಗಿಸಬೇಕು, ಕಾಗದ ನೋಡಿ ಬೇರೆ ಮಾಡಬೇಕು. ಸಂಗ್ರಹ ಮಾಡುವವರಿಗೆ ಅವರು ಮಾರುತ್ತಾರೆ. ಹಳೇ ಕಾಲದ ಸ್ಟಾಂಪ್ ನನ್ನ ಕೈಗೆ ಕೊಡುವ ಮೊದಲು, ನಿಮ್ಮ ಮನೆಯ ಸ್ಟಾಂಪ್ ಮೇಲೆ ಕೈ ಪಳಗಿಸಿಕೋ ಅಂದರು. ಮನೆಯಲ್ಲಿ ಇದ್ದದ್ದು ನಿನ್ನವೇ. ಅವನ್ನು ಯಾರೂ ಮೂಸಿ ಕೂಡ ನೋಡಲ್ಲ, ಇನ್ನು ಮಾರುವುದೆಲ್ಲಿ ಬಂತು?

ಅವ್ವ ಒದ್ದೆ ಬಟ್ಟೆಯಲ್ಲಿ ಬಾರಿಸಿದಳು. ಅದು ಇರಲಿ. ಆಮೇಲೆ ಬರಿಲಕೋಟೆ ಎದೆಗೆ ಹಿಡಿದುಕೊಂಡು ಕೂತಳು. "ಅವನ ಮೈಮ್ಯಾಲಿಂದ ಕಿತ್ತಂಗಾತಲ್ಲೋ" ಅಂದಳು. ಒಂದು ಚೂರು ಕಾಗದಕ್ಕೆ ಇಷ್ಟು ರಂಪ.

ನಿನ್ನನ್ನೂ ಒಂದು ಮಾತು ಕೇಳಬೇಕು. ಹೋದ ವರ್ಷ, ನೀನು ಆಗ ಇದ್ದ ವಸಾಯಿಗೆ ಬರುತ್ತೇನೆ ಅಂತ ನಾನು ಅಂದೆ. ನೀನು ಪಾತ್ರೆ ಮಾಡುವ ಶೆಡ್ಡು ಬಿಟ್ಟು ಸೂರತ್‌ಗೆ ಹೋದೆ. ಒಂದು ಫೋಟೋ ಕಳಿಸು ಅಂದೆ. ದಾರಿಯಲ್ಲಿ ರೈಲಿನಲ್ಲಿ ಪೆಟ್ಟಿಗೆ ಹೋಯಿತು, ಉಟ್ಟ ಬಟ್ಟೆಯಲ್ಲಿ ಇಳಿದೆ, ಜೇಬಿನಲ್ಲಿ ಒಂದು ಕಾಗದದ ಚೂರೂ ಉಳಿಯಲಿಲ್ಲ ಅಂತ ನೀನು ಬರೆದೆ. ಈ ದಸರಾಕ್ಕೆ ನಾನು ಸೂರತ್‌ಗೆ ಬರುವವನೇ. ಎಲ್ಲೂ ಹೋಗಬೇಡ.

ನಿನಗೆ ಬರೆಯಲು ಬರುವುದಿಲ್ಲ, ಒಪ್ಪಿದೆ. ವಸಾಯಿಯಲ್ಲಿದ್ದಾಗ ನಿನ್ನ ಖೋಲಿಯ ಕರಿಬಸಣ್ಣ ಬರೆದುಕೊಡುತ್ತಿದ್ದ, ಅವನ ಅಕ್ಷರ ದುಂಡಗಿತ್ತು. ಈಗ ಬರೆಯುವವನ ಅಕ್ಷರ ಕುಡಿದವನ ಹಾಗೆ ಬಲಕ್ಕೆ ಬೀಳುತ್ತದೆ. ಅವನು ಯಾರೋ ಏನೋ, ಇದನ್ನು ಓದಿ ಹೇಳುವಾಗ ನನ್ನ ಬೈಗುಳ ನುಂಗದೆ ಹೇಳಲಿ.

ಪರಮಾನಂದ

*

ಸೂರತ್
29 ಆಗಸ್ಟ್ 1994

ಚಿ. ಪರಮನಿಗೆ ಅಣ್ಣ ನೀಲಪ್ಪನ ಆಶೀರ್ವಾದಗಳು.

ನಾನು ಕ್ಷೇಮ. ನಿನ್ನ ಬೈಗುಳ ಪೂರ್ತಿ ತಲುಪಿದವು. ಬರೆದುಕೊಡುವ ಧಾರವಾಡದ ಹುಡುಗ ಓದುತ್ತಾ ನಕ್ಕ, ನಾನೂ ನಕ್ಕೆ.

ನೀನು ಕಳ್ಳ ಅಂತ ನಾನು ಎಂದೂ ಅಂದುಕೊಂಡಿಲ್ಲ. ಅವ್ವ ದಿನವಿಡೀ ಒಬ್ಬಳೇ ಇರುತ್ತಾಳೆ, ಅವಳಿಗೆ ಲಕೋಟೆ ಹಿಡಿದು ನೋಡುವ ಅಭ್ಯಾಸವಾಗಿದೆ. ಕಿತ್ತದ್ದನ್ನು ಮತ್ತೆ ಅಂಟಿಸಿ ಡಬ್ಬಿಯಲ್ಲಿಡು. ಅವಳ ಎದುರು ದನಿ ಏರಿಸಬೇಡ.

ದಸರಾಕ್ಕೆ ಬರುವುದು ಬೇಡ. ನಾವು ಇರುವುದು ಹಲವರು ಮಲಗುವ ಒಂದು ಖೋಲಿ, ನಿನಗೆ ಕಾಲು ಚಾಚಲೂ ಜಾಗವಿಲ್ಲ. ಬಿಡುವು ನೋಡಿಕೊಂಡು ನಾನೇ ಬರುತ್ತೇನೆ.

ನಿನ್ನ ಕೆಲಸದ ಬಗ್ಗೆ ಇನ್ನೂ ಬರೆ. ಕಾಗದ ನೋಡಿ ಹೇಗೆ ಬೇರೆ ಮಾಡುತ್ತೀರಿ? ನೀನು ಒಂದು ಕೆಲಸದಲ್ಲಿ ಮೂರು ತಿಂಗಳು ನಿಂತದ್ದು ಇದೇ ಮೊದಲು. ಕೇಳಿ ಬಹಳ ಸಂತೋಷವಾಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇತಿ,
ನೀಲಪ್ಪ

*

ಬಾಗಲಗುಂಟೆ
11 ಸೆಪ್ಟೆಂಬರ್ 1994

ಅಣ್ಣ,

ನಿನಗೆ ಏನಾಗಿದೆ? ಬಹಳ ಸಂತೋಷವಾಯಿತು ಅಂತೆ, ಹೊತ್ತಿಗೆ ಊಟ ಮಾಡು ಅಂತೆ. ಇಲ್ಲಿದ್ದಾಗ ನನ್ನ ಜೊತೆ ನೀನು ಆಡುತ್ತಿದ್ದದ್ದು ಬೆಲ್ಟಿನಲ್ಲಿ. ಪಿ.ಟಿ. ಮೇಷ್ಟ್ರ ಕೈ ತಿರುವಿ ಒಂಬತ್ತನೇ ಕ್ಲಾಸಿಗೆ ನಾನು ಸ್ಕೂಲ್ ಬಿಟ್ಟ ದಿನ, ತಂತಿ ಕಂಬಕ್ಕೆ ಒರಗಿಸಿ ಹೊಡೆದವನು ನೀನು. ದೂರ ಹೋದ ಮೇಲೆ ಸಂತನಾದೆಯಾ? ಹೋದ ವರ್ಷದ ಮಳೆಗಾಲದಿಂದ ಒಂದು ಬೈಗುಳವಿಲ್ಲ. ಓದುವಾಗ ಬೇರೆ ಯಾರದೋ ಅಣ್ಣನ ಪತ್ರ ನಮ್ಮ ಮನೆಗೆ ಬಂದ ಹಾಗೆ ಅನಿಸುತ್ತದೆ. ಆದರೂ ಸುಳ್ಳು ಯಾಕೆ ಹೇಳಲಿ, ಎರಡು ಸಲ ಓದುತ್ತೇನೆ.

ಕೇಳಿದ್ದೀಯಲ್ಲ, ಹೇಳುತ್ತೇನೆ. ಕಾಗದ ಒಂದೇ ಥರ ಇರುವುದಿಲ್ಲ. ಬೆಳಕಿಗೆ ಹಿಡಿದರೆ ಕೆಲವು ಹಳೆ ಕಾಗದಗಳಲ್ಲಿ ಚಾಪೆಯ ಕಡ್ಡಿಯಂತೆ ಸಾಲು ಸಾಲು ಗೆರೆ ಕಾಣುತ್ತವೆ. ಕೆಲವು ಗೆರೆ ಇಲ್ಲದ ಸಾದಾ. ಇನ್ನು ಕೆಲವಕ್ಕೆ ಮೇಲೆ ಸುಣ್ಣದಂಥ ಲೇಪ ಇರುತ್ತದೆ, ಅವನ್ನು ನೀರಿಗೆ ಹಾಕಿದರೆ ಚಿತ್ರ ಎದ್ದುಹೋಗುತ್ತದೆ. ಮೊದಲ ವಾರ ನಾನು ಹಾಗೇ ಹಾಳು ಮಾಡಿದೆ. ಗುರುರಾಜ್ ಸಾರ್ ಬೈಯಲಿಲ್ಲ, ಆ ಬೋಳು ಕಾಗದವನ್ನು ನನ್ನ ಅಂಗಿ ಜೇಬಿಗೆ ಹಾಕಿ ಬಟನ್ ಹಾಕಿದರು.

ಆಮೇಲೆ ವಾಟರ್‌ಮಾರ್ಕ್. ಕಾಗದ ಹಸಿ ಇರುವಾಗಲೇ ಅದರೊಳಗೆ ಒತ್ತಿದ ಗುರುತು. ಬರಿಗಣ್ಣಿಗೆ ಕಾಣುವುದೇ ಕಷ್ಟ. ಕಪ್ಪು ತಟ್ಟೆಯಲ್ಲಿ ಸ್ಟಾಂಪನ್ನು ಬೋರಲು ಹಾಕಿ ಮೇಲೆ ಬೆಂಜೀನ್ ಬಿಡಬೇಕು. ಕಾಗದ ತೆಳುವಾದ ಕಡೆ ತಟ್ಟೆಯ ಕಪ್ಪು ಮೇಲೆ ಬರುತ್ತದೆ. ಆನೆ ತಲೆ, ನಕ್ಷತ್ರ, ಅಕ್ಷರ, ಏನಿದೆಯೋ ಅದು ಏಳುತ್ತದೆ. ಬೆಂಜೀನ್ ಆರಿದ ಕೂಡಲೇ ಮತ್ತೆ ಒಳಗೆ ಹೋಗುತ್ತದೆ. ಮೊದಲ ಸಲ ನಾನು ಮತ್ತೆ ಮತ್ತೆ ಬೆಂಜೀನ್ ಬಿಟ್ಟು ನೋಡಿದೆ. ಅಷ್ಟು ಹೊತ್ತೂ ಅದು ಅಲ್ಲೇ ಇತ್ತು, ನಾವು ಅದನ್ನು ನಾಲಗೆಯಲ್ಲಿ ನೆಕ್ಕಿ ಲಕೋಟೆಗೆ ಹಚ್ಚಿರುತ್ತೇವೆ.

ನಿನ್ನ ವಸಾಯಿ ಸ್ಟಾಂಪ್ ಒಂದರಲ್ಲಿ ಅಂಚಿಗೆ ಅರ್ಧ ನಕ್ಷತ್ರ ಎದ್ದಿತು. ಅದರ ಒಂದು ತೋಳು ಮುರಿದು ಗೆರೆ ಸೊಟ್ಟಗೆ ಓಡಿದೆ. ಒತ್ತುವ ಅಚ್ಚಿನ ತಂತಿ ಎಲ್ಲೋ ಬಾಗಿರಬೇಕು, ಇಂಥದ್ದು ಅಪರೂಪ ಅಂದರು ಸಾರ್. ನೋಡು, ನಿನ್ನದೂ ಏನೋ ಒಂದು ಅಪರೂಪ.

ಅವ್ವನದು ಹೇಳುತ್ತೇನೆ. ನಿನ್ನ ಪತ್ರ ನಾನು ಓದುವಾಗ ಅವಳು ಕಾಗದದ ಕಡೆ ನೋಡುವುದೇ ಇಲ್ಲ. ನನ್ನ ಮುಖ ನೋಡುತ್ತಾಳೆ. ಮುಗಿಯುವ ತನಕ ರೆಪ್ಪೆ ಆಡಿಸುವುದಿಲ್ಲ. ಮುಗಿದ ಮೇಲೆ ನಿನ್ನ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಕಣ್ಣು ಮಂಜಾಗಿದೆಯೋ ಏನೋ, ತೋರಿಸಬೇಕು.

ಬರುತ್ತೇನೆ ಅಂದರೆ ಬರುತ್ತೇನೆ. ಬಾಗಿಲ ಹೊರಗೆ ಮಲಗುತ್ತೇನೆ.

ಪರಮ

*

ಬಾಗಲಗುಂಟೆ
26 ಸೆಪ್ಟೆಂಬರ್ 1994

ಅಣ್ಣ,

ಸೂರತ್‌ನಲ್ಲಿ ಪ್ಲೇಗ್ ಅಂತೆ. ಜನ ರೈಲಿನ ಮೇಲೆ ಹತ್ತಿ ಓಡುತ್ತಿರುವ ಚಿತ್ರ ಪೇಪರಿನಲ್ಲಿ ಬಂದಿದೆ. ಭೂತಕನ್ನಡಿ ಹಿಡಿದು ಒಂದೊಂದೇ ಮುಖ ನೋಡಿದೆ. ನೀನಿಲ್ಲ.

ಹೊರಟು ಬಾ. ಕೆಲಸ ಹಾಳಾಗಲಿ. ಬೇಕಾದರೆ ಇಲ್ಲಿಗೆ ಬಂದು ಮತ್ತೆ ಬೆಲ್ಟಿನಲ್ಲಿ ಹೊಡಿ.

ಅವ್ವನಿಗೆ ಹೇಳುವುದೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ಈಶ್ವರಮ್ಮನೇ ಬಂದು ರೇಡಿಯೋದಲ್ಲಿ ಕೇಳಿದ್ದನ್ನು ಊದಿದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ. "ಅಂವಗ ಏನೂ ಆಗೂದಿಲ್ಲ ಬಿಡು" ಅಂದಳು. ಈಶ್ವರಮ್ಮ ನೆಲ ನೋಡಿದಳು. ನನಗೆ ಮೈ ಉರಿದುಹೋಯಿತು. ಹೆತ್ತ ಮಗ ಬೆಂಕಿಯಲ್ಲಿದ್ದಾನೆ, ಇವಳಿಗೆ ರೊಟ್ಟಿ.

ನಿನ್ನ ಉತ್ತರ ಬರದಿದ್ದರೆ ನಾನೇ ಹೊರಡುತ್ತೇನೆ.

ಪರಮ

*

ವಾಪಿ
5 ಅಕ್ಟೋಬರ್ 1994

ಚಿ. ಪರಮನಿಗೆ ಆಶೀರ್ವಾದಗಳು.

ಗಾಬರಿ ಬೇಡ. ಕಾಯಿಲೆ ಬರುವ ಮೊದಲೇ ನಾನು ಸೂರತ್ ಬಿಟ್ಟೆ. ಈಗ ವಾಪಿಯಲ್ಲಿದ್ದೇನೆ. ಒಳ್ಳೆಯ ಜನ. ಮೈಯಲ್ಲಿ ಏನೂ ತೊಂದರೆ ಇಲ್ಲ.

ಸೂರತ್‌ಗೆ ಬಂದ ನಿನ್ನ ಪತ್ರವನ್ನು ಗೆಳೆಯರು ಇಲ್ಲಿಗೆ ತಂದುಕೊಟ್ಟರು, ನೀನು ಮುಖ ಹುಡುಕಿದ್ದನ್ನು ಓದಿಸಿ ಕೇಳಿದೆ. ಮತ್ತೊಮ್ಮೆ ಓದಿಸಿದೆ. ನಿನಗೆ ಹೊಡೆದದ್ದೆಲ್ಲ ನೆನಪಿದೆ. ಹೊಡೆಯಬಾರದಿತ್ತು.

ಇಲ್ಲಿಗೆ ಬರಬೇಡ. ಇಲ್ಲಿಯೂ ಎಷ್ಟು ದಿನ ಇರುತ್ತೇನೋ ತಿಳಿಯದು. ಅವ್ವನನ್ನು ಬೈಯಬೇಡ, ಅವಳಿಗೆ ಎಲ್ಲರಿಗಿಂತ ಹೆಚ್ಚು ಗೊತ್ತು.

ಇತಿ,
ನೀಲಪ್ಪ

*

ಬಾಗಲಗುಂಟೆ
16 ಅಕ್ಟೋಬರ್ 1994

ಕರಿಬಸಣ್ಣ,

ಈ ಸಲ ವಸಾಯಿಯ ನಿನ್ನ ಹಳೆ ವಿಳಾಸಕ್ಕೆ ನೇರವಾಗಿ ಬರೆಯುತ್ತಿದ್ದೇನೆ. ಇಷ್ಟು ದಿನ ನಾನು ಬರೆದದ್ದೆಲ್ಲ ನಿನಗೇ ಅಂತ ಈಗ ಗೊತ್ತಾಯಿತು.

ವಾಪಿಯ ಸ್ಟಾಂಪ್ ಬಿಡಿಸಿದೆ. ಕಪ್ಪು ತಟ್ಟೆಗೆ ಹಾಕಿ ಬೆಂಜೀನ್ ಬಿಟ್ಟೆ. ಅಂಚಿನಲ್ಲಿ ತುಂಡು ಅಕ್ಷರ ಎದ್ದಿತು. ಅದರ ಉಳಿದ ಭಾಗವನ್ನು ಎಲ್ಲೋ ನೋಡಿದ್ದೇನೆ ಅನಿಸಿತು. ಮನೆಯಿಂದ ಡಬ್ಬಿ ತಂದು, ಸಿಕ್ಕಿದ್ದನ್ನೆಲ್ಲ ತಟ್ಟೆಯಲ್ಲಿ ಬೋರಲು ಜೋಡಿಸುತ್ತ ಹೋದೆ. ವಸಾಯಿಯ ಸ್ಟಾಂಪಿನಲ್ಲಿ ಮುರಿದ ತೋಳಿನ ಅರ್ಧ ನಕ್ಷತ್ರ ಇತ್ತಲ್ಲ, ಅದರ ಇನ್ನರ್ಧ ಸೂರತ್‌ನ ಸ್ಟಾಂಪಿನಲ್ಲಿದೆ. ಸೊಟ್ಟ ಗೆರೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಸೂರತ್‌ನ ಅಂಚಿನ ಅಕ್ಷರ ವಾಪಿಗೆ ಹೋಗಿ ಪೂರ್ತಿಯಾಗುತ್ತದೆ. ಹರಿದ ಅಂಚಿನ ಹಲ್ಲುಗಳೂ ಕೂಡುತ್ತವೆ. ಇಲ್ಲಿ ಉದ್ದ ಉಳಿದಿದ್ದರೆ ಅಲ್ಲಿ ಗಿಡ್ಡ. ಮೂರು ಊರು, ಒಂದೇ ಹಾಳೆ.

ಗುರುರಾಜ್ ಸಾರ್ ಬಂದು ನೋಡಿದರು. ಒಬ್ಬರೇ ಪಕ್ಕ ಪಕ್ಕದಿಂದ ಹರಿದು ಅಂಟಿಸಿದ್ದು ಅಂದರು. ನನ್ನ ಮುಖ ನೋಡಿ, ಬೆಂಜೀನ್ ಬೇಗ ಆರದಿರಲಿ ಅಂತ ಹೋಗಿ ಫ್ಯಾನ್ ಆರಿಸಿದರು. ಬೆಂಜೀನ್ ಆರುತ್ತಾ ಆರುತ್ತಾ ನಕ್ಷತ್ರ ಮುಳುಗಿತು. ಮತ್ತೆ ಬಿಟ್ಟೆ, ಮತ್ತೆ ಎದ್ದಿತು. ಎಷ್ಟು ಸಲ ಮಾಡಿದರೂ ಅದು ಕೂಡಿಕೊಂಡೇ ಎದ್ದಿತು.

ಅಣ್ಣ ಆ ಹಾಳೆ ತೆಗೆದುಕೊಂಡು ಊರೂರು ತಿರುಗಿದ ಅಂತ ಹೇಳಬೇಡ. ಪೆಟ್ಟಿಗೆ ಹೋಯಿತು, ಜೇಬಿನಲ್ಲಿ ಕಾಗದದ ಚೂರೂ ಉಳಿಯಲಿಲ್ಲ ಅಂತ ಬರೆದದ್ದು ನೀನೇ. ಅಂದರೆ ಹಾಳೆ ವಸಾಯಿಯಲ್ಲೇ, ನಿನ್ನ ಕೈಯಲ್ಲೇ ಇದೆ. ಧಾರವಾಡದ ಹುಡುಗನೂ ನೀನೇ. ಅಕ್ಷರವನ್ನು ಬಲಕ್ಕೆ ಬೀಳಿಸಿದೆ, ಆದರೆ ಕಾಗದ ನಿನ್ನ ಮಾತು ಕೇಳಲಿಲ್ಲ.

ಅಣ್ಣ ಎಲ್ಲಿ? ಜೈಲಿನಲ್ಲಿದ್ದರೆ ಹೇಳು. ಯಾವಳನ್ನೋ ಕಟ್ಟಿಕೊಂಡು ಓಡಿಹೋಗಿದ್ದರೆ ಅದನ್ನಾದರೂ ಹೇಳು. ಅವನು ಬದುಕಿದ್ದಾನೋ ಇಲ್ಲವೋ, ಅದೊಂದು ಬೇಕು ನನಗೆ. ಅವ್ವನಿಗೆ ನಾನಿನ್ನೂ ಹೇಳಿಲ್ಲ. ಗೊತ್ತಾದರೆ ಕೂತಲ್ಲೇ ಹೋಗಿಬಿಡುತ್ತಾಳೆ. ಒಂದು ಮುದುಕಿಗೆ ಹೀಗೆ ಆಟ ಕಟ್ಟಲು ನಿನಗೆ ಹೇಗೆ ಮನಸ್ಸು ಬಂತು?

ಪರಮಾನಂದ

*

ವಸಾಯಿ
30 ಅಕ್ಟೋಬರ್ 1994

ತಮ್ಮಾ ಪರಮಾನಂದ,

ನೀಲಪ್ಪ ಇಲ್ಲ. ಹೋದ ವರ್ಷ ಮಳೆಗಾಲದ ಆರಂಭದಲ್ಲಿ ತೀರಿಕೊಂಡ. ಪಾತ್ರೆ ಒತ್ತುವ ಪ್ರೆಸ್ಸಿನ ಬೆಲ್ಟ್ ಹರಿದು ಎದೆಗೆ ಬಡಿಯಿತು. ಆ ಬೆಲ್ಟ್ ಸೀಳಿದೆ ಎಂದು ಅವನು ಮೊದಲೇ ಹೇಳಿದ್ದ. ನಡೆಸು ಎಂದವನು, ಅವನನ್ನು ಪೀಣ್ಯದಿಂದ ಇಲ್ಲಿಗೆ ಕರೆತಂದ ನಿಮ್ಮ ಓಣಿಯ ಮೇಸ್ತ್ರಿ. ಆಸ್ಪತ್ರೆ ಮುಟ್ಟಲಿಲ್ಲ.

ಅವ್ವನಿಗೆ ನೀನು ಹೇಳಬೇಕಾಗಿಲ್ಲ. ಓಣಿಯ ಹೆಂಗಸರ ಜೊತೆ ಉಳವಿ ಯಾತ್ರೆಗೆ ಹೋಗುತ್ತೇನೆಂದು ಆಗ ಮನೆಯಿಂದ ಹೊರಟಳಲ್ಲ, ಸುದ್ದಿ ತಿಳಿದು ಅವಳು ಬಂದದ್ದು ಇಲ್ಲಿಗೆ. ಈಶ್ವರಮ್ಮನೂ ಜೊತೆಗಿದ್ದಳು. ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದೆವು. ಅವ್ವ ಹಿಡಿಮಣ್ಣು ಹಾಕಿದಳು, ಅಳಲಿಲ್ಲ. ಆಮೇಲೆ ನನ್ನ ಕೈ ಹಿಡಿದು ಹೇಳಿದಳು: "ಸಣ್ಣಾಂವಗ ಗೊತ್ತಾದ್ರ ಮೇಸ್ತ್ರಿನ್ನ ಕಡೀತಾನ. ಒಬ್ಬನ್ನ ಮಣ್ಣಾಗ ಇಟ್ಟೀನಿ, ಇನ್ನೊಬ್ಬನ್ನ ಜೈಲಾಗ ಇಡ್ಲ್ಯಾ? ನೀ ಬರಕೋತ ಇರು." ಹಾಗಾಗಿ ಬರೆದೆ. ಪತ್ರಗಳು ಅವಳಿಗಾಗಿ ಅಲ್ಲ, ನಿನಗಾಗಿ.

ನೀನು ಬರುತ್ತೇನೆ ಎಂದಾಗಲೆಲ್ಲ ನಾನು ಅವನನ್ನು ಇನ್ನೊಂದು ಊರಿಗೆ ಕಳಿಸಿದೆ. ಸೂರತ್‌ನ ವಿಳಾಸ ಒಂದು ಲಾರಿ ಆಫೀಸಿನದು. ಅಲ್ಲಿಗೆ ಬಂದ ನಿನ್ನ ಪತ್ರಗಳನ್ನು ಡ್ರೈವರುಗಳು ತಂದುಕೊಡುತ್ತಿದ್ದರು, ನಾನು ಬರೆದದ್ದನ್ನು ಹೋಗುವ ಊರಿನಲ್ಲಿ ಡಬ್ಬಕ್ಕೆ ಹಾಕುತ್ತಿದ್ದರು.

ಸ್ಟಾಂಪಿನ ಹಾಳೆ ನೀಲಪ್ಪನದು. ಮೊದಲ ಸಂಬಳದಲ್ಲಿ ತಂದಿದ್ದ. ಇದು ತೀರುವುದರೊಳಗೆ ಊರು ಸೇರುತ್ತೇನೆ ಎನ್ನುತ್ತಿದ್ದ. ಅವನು ಹೋದ ಮೇಲೆ ನಾನು ಬೇರೆ ಸ್ಟಾಂಪ್ ಕೊಳ್ಳಬಹುದಿತ್ತು. ಕೊಳ್ಳಲಿಲ್ಲ. ನನ್ನ ಸ್ಟಾಂಪ್ ಹಚ್ಚಿದ್ದರೆ ಅದು ನನ್ನ ಪತ್ರ ಆಗುತ್ತಿತ್ತು.

ಇನ್ನೊಂದು ಮಾತು. ಇದನ್ನು ಯಾರಿಗೂ ಹೇಳಿಲ್ಲ. ಅವನು ಇದ್ದಾಗ, ನಿನ್ನ ಪತ್ರವನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ಅವನು ಮಂಚದ ಮೇಲೆ ಮಲಗಿ ಕೇಳಿ, ಉತ್ತರ ಹೇಳುತ್ತಿದ್ದ. ಹೋದ ಮೇಲೂ ನಾನು ಹಾಗೇ ಆ ಮಂಚದ ಕಡೆ ತಿರುಗಿ ಓದಿದೆ. ಓದಿ ಸುಮ್ಮನೆ ಕೂತರೆ ಸ್ವಲ್ಪ ಹೊತ್ತಿಗೆ ಉತ್ತರ ಕೇಳುತ್ತಿತ್ತು. ಊರುಗಳ ಹೆಸರು, ಪೆಟ್ಟಿಗೆಯ ಸುಳ್ಳು, ಇವು ನನ್ನವು. ಉಳಿದದ್ದನ್ನು ನಾನು ಕಟ್ಟಲಿಲ್ಲ, ಕೇಳಿದ್ದನ್ನು ಬರೆದೆ. ಬದುಕಿದ್ದಾಗ ಅವನು ನಿನ್ನನ್ನು ಬೈದದ್ದನ್ನೂ ಬಿಡದೆ ಬರೆಯುತ್ತಿದ್ದೆ. ಆಮೇಲೆ ಅವನು ಒಂದು ಸಲವೂ ಬೈಯಲಿಲ್ಲ. ಹೊಡೆಯಬಾರದಿತ್ತು ಎಂಬ ಸಾಲಿಗೆ ನಾನು ಪೆನ್ನು ಕೆಳಗಿಟ್ಟೆ, ಯಾಕೆಂದರೆ ನಿನ್ನನ್ನು ಕಂಬಕ್ಕೆ ಒರಗಿಸಿ ಹೊಡೆದದ್ದು ಅವನ ಎಡಗೈಯಲ್ಲಿ ಎಂದೂ ಆಗ ಕೇಳಿಸಿತು. ಅದನ್ನು ನೀನು ಬರೆದಿರಲಿಲ್ಲ.

ನನ್ನಿಂದ ಇನ್ನು ಆಗುವುದಿಲ್ಲ. ಉಳಿದ ಹಾಳೆಯನ್ನು ಇದರ ಜೊತೆ ಕಳಿಸಿದ್ದೇನೆ. ನಾನು ಈಗಲೂ ಹಳೆಯ ಖೋಲಿಯಲ್ಲೇ ಇದ್ದೇನೆ. ಬೈಯುವುದಿದ್ದರೆ ಬಂದು ಬೈ.

ಕರಿಬಸಪ್ಪ

*

ಬೆಂಗಳೂರು ಬಸ್ ಸ್ಟ್ಯಾಂಡ್
9 ನವೆಂಬರ್ 1994

ಕರಿಬಸಪ್ಪ,

ಎಡಗೈಯಲ್ಲೇ ಹೊಡೆದದ್ದು. ಅವನ ಬಲಗೈಗೆ ಆ ದಿನ ಪಟ್ಟಿ ಕಟ್ಟಿತ್ತು. ಅವನು ಬದುಕಿದ್ದಾಗ ನಿನಗೆ ಹೇಳಿರಬಹುದು, ನೀನು ಮರೆತಿರಬಹುದು. ಹಾಗೆ ಅಂದುಕೊಳ್ಳುತ್ತೇನೆ. ಬೇರೆ ಥರ ಅಂದುಕೊಳ್ಳಲು ಹೋದರೆ ತಲೆ ಕೆಡುತ್ತದೆ.

ನಿನ್ನ ಲಕೋಟೆ ಮೇಲೆ ಈ ಸಲ ಹೊಸ ಸ್ಟಾಂಪ್ ಇತ್ತು. ಅದನ್ನೂ ತಟ್ಟೆಗೆ ಹಾಕಿ ನೋಡಿದೆ. ಏನೂ ಏಳಲಿಲ್ಲ. ಬರಿ ಕಾಗದ.

ಪತ್ರವನ್ನು ಅವ್ವನ ಎದುರು ಕೂತು ಒಂದು ಅಕ್ಷರ ಬಿಡದೆ ಓದಿದೆ. ಅವಳು ಯಾವಾಗಿನ ಹಾಗೆ ನನ್ನ ಮುಖ ನೋಡಿದಳು. ಯಾಕೆ ನೋಡುತ್ತಿದ್ದಳು ಅಂತ ಈಗ ಅರ್ಥವಾಯಿತು. ನಾನು ನಂಬಿದೆನೋ ಇಲ್ಲವೋ ಅಂತ. ಒಂದೂವರೆ ವರ್ಷ ನನ್ನ ಮುಖವನ್ನು ಹೀಗೆ ಕಾವಲು ಕಾದಿದ್ದಾಳೆ. ಪ್ಲೇಗ್ ಬಂದಾಗ ನಾನು ಪೇಪರಿನಲ್ಲಿ ಸತ್ತವನ ಮುಖ ಹುಡುಕುತ್ತಿದ್ದೆ, ಇವಳು ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಇಡೀ ಓಣಿಗೆ ಗೊತ್ತು. ಮೇಸ್ತ್ರಿ ಹಬ್ಬಕ್ಕೆ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, ಅಣ್ಣನ ಕಾಗದ ಬಂತೇನೋ ಅಂತ ಕೇಳಿದ್ದ. ನಾನು ಬಂತು ಸಾರ್ ಅಂದಿದ್ದೆ.

ಓದಿ ಮುಗಿಸಿದೆ. ಕೂಗಾಡಲು ಬಾಯಿ ತೆಗೆಯುವುದರೊಳಗೆ ಅವ್ವ ಎದ್ದಳು. ಉಳಿದ ಹಾಳೆಯಿಂದ ಒಂದು ಸ್ಟಾಂಪನ್ನು ತೂತಿನ ಗುಂಟ ಮಡಚಿ, ಹಲ್ಲು ಹರಿಯದ ಹಾಗೆ ಬಿಡಿಸಿದಳು. ನಮ್ಮ ಗೋಡೌನಿನಲ್ಲೂ ಯಾರೂ ಅಷ್ಟು ನಾಜೂಕಾಗಿ ಬಿಡಿಸುವುದಿಲ್ಲ. ಅದನ್ನು ನನ್ನ ಮುಂದೆ ಇಟ್ಟು, ಪೆನ್ನು ಇಟ್ಟು, ಎದುರಿಗೆ ಒಂದು ಚಾಪೆ ಹಾಸಿದಳು. ಚಾಪೆಯ ಮೇಲೆ ತಾನು ಕೂರಲಿಲ್ಲ.

"ಕರಿಬಸಪ್ಪ ಸೋತಾನ. ಇನ್ನ ನೀ ಬರಿ."

"ಅಂವ ಸತ್ತಾನವ್ವ. ನೀನ ಮಣ್ಣ ಹಾಕಿ ಬಂದೀ."

"ಹಾಕೀನಿ. ಆದ್ರೂ ತಿಂಗಳಿಗೊಮ್ಮೆ ಬರತಿದ್ದ. ನೀ ಬರೀಲಿಲ್ಲಂದ್ರ ಎಲ್ಲಿ ಹೋಗಬೇಕಂವ?"

ನಿನ್ನ ಮೇಲೆ, ಅವಳ ಮೇಲೆ, ಓಣಿಯ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ. ಹಾಗಿದ್ದೂ ನನ್ನ ಕೈ ಪೆನ್ನು ಎತ್ತಿಕೊಂಡಿತು. "ಚಿ. ಪರಮನಿಗೆ ಆಶೀರ್ವಾದಗಳು" ಅಂತ ಬರೆದೆ. ಕಷ್ಟವೇ ಆಗಲಿಲ್ಲ. ಮುಂದಿನ ಸಾಲು ಏನು ಅಂತ ನನಗೆ ಗೊತ್ತಿತ್ತು. ಚಾಪೆಯ ಕಡೆಯಿಂದ ಯಾರೋ ಹೇಳಲು ಉಸಿರು ತೆಗೆದುಕೊಂಡ ಹಾಗೆ ಆಯಿತು. ಕಾಗದ ನೋಡಿದರೆ ಅಕ್ಷರಗಳೆಲ್ಲ ಬಲಕ್ಕೆ ಬಿದ್ದಿದ್ದವು.

ಅದನ್ನು ಹರಿದು ಒಲೆಗೆ ಹಾಕಿದೆ. ಹಾಳೆಯನ್ನೂ ಹಾಕಲು ಹೋದೆ, ಅವ್ವ ಬಿಡಲಿಲ್ಲ. ಎದೆಯೊಳಗೆ ಇಟ್ಟುಕೊಂಡಳು.

ಕೇಳು. ನಾನು ಮೇಸ್ತ್ರಿ ಮನೆ ಮುಂದೆಯೇ ಹಾದು ಬಂದೆ. ಹಬ್ಬಕ್ಕೆ ಬಂದವನು ಇನ್ನೂ ಹೋಗಿರಲಿಲ್ಲ, ಕಟ್ಟೆಯ ಮೇಲೆ ಕೂತು ಹಲ್ಲು ಉಜ್ಜುತ್ತಿದ್ದ. ನಿಲ್ಲಲಿಲ್ಲ. ಅವನ ಲೆಕ್ಕ ಆಮೇಲೆ. ಮೊದಲು ನಾನು ಅಣ್ಣನನ್ನು ನೋಡಬೇಕು. ಮಣ್ಣಾದರೂ ಸರಿ, ಹುಲ್ಲು ಬೆಳೆದಿದ್ದರೂ ಸರಿ. ವಸಾಯಿ ಕಡೆಯ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ಈ ಪತ್ರ ಮೊದಲು ಬರುತ್ತದೋ ನಾನು ಮೊದಲು ಬರುತ್ತೇನೋ ಗೊತ್ತಿಲ್ಲ. ಹಳ್ಳದ ದಂಡೆ ಎಲ್ಲಿ ಅಂತ ತೋರಿಸು, ಸಾಕು. ಈ ಸಲ ಅವನನ್ನು ಬೇರೆ ಊರಿಗೆ ಕಳಿಸಬೇಡ.

ಬರುವಾಗ ಅವ್ವ ಹಿಂದಿನಿಂದ ಕೂಗಿದಳು. ಪರಮಾ ಅನ್ನಲಿಲ್ಲ. "ನೀಲಪ್ಪಾ" ಅಂದಳು. ನನ್ನನ್ನು ಕರೆದಳೋ, ಚಾಪೆಯ ಮೇಲೆ ಇದ್ದವನನ್ನೋ, ನಾನು ತಿರುಗಿ ನೋಡಲಿಲ್ಲ. ಹೊಸ್ತಿಲು ದಾಟಿ, ಚೌಕಟ್ಟು ಅದುರುವ ಹಾಗೆ ಬಾಗಿಲು ಎಳೆದು ಬಡಿದೆ.